ದೊಡ್ಡ ಪ್ರಿಂಟರ್‌ನಲ್ಲಿ ಇಂಕ್ ಕೈಕೊಟ್ಟಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಬ್ಯಾನರ್, ವಿನೈಲ್, ಬಟ್ಟೆ ಪ್ರಿಂಟ್ ಮಾಡುವ ದೊಡ್ಡ ಮಷಿನ್ ಇಟ್ಟುಕೊಂಡವರಿಂದ ನನಗೆ ಬರುವ ಫೋನ್‌ಗಳೆಲ್ಲ ಸುಮಾರು ಒಂದೇ ತರಹ ಶುರುವಾಗುತ್ತವೆ. ‘ಗೆರೆ ಬರ್ತಾ ಇದೆ, ನಾಲ್ಕು ಸಲ ಕ್ಲೀನಿಂಗ್ ಕೊಟ್ಟೆ, ಹೋಗ್ಲಿಲ್ಲ.’ ನಾನೂ ಒಂದೇ ಮಾತು ಕೇಳುತ್ತೇನೆ: ನಾಝಲ್ ಚೆಕ್ ತೆಗೆದಿರಾ? ಹತ್ತರಲ್ಲಿ ಏಳು ಜನ ತೆಗೆದಿರುವುದಿಲ್ಲ. ಇಂಕ್ ಚಿಮ್ಮಿಸುವ ಭಾಗವೇ ಹೆಡ್, ಅದರ ತಳದ ಸಣ್ಣ ತೂತುಗಳೇ ನಾಝಲ್. ಎಲ್ಲ ತೂತೂ ಇಂಕ್ ಬಿಡುತ್ತಿವೆಯಾ ಅಂತ ಮಷಿನ್ ಪ್ರಿಂಟ್ ಮಾಡಿ ತೋರಿಸುವ ಹಾಳೆಯೇ ನಾಝಲ್ ಚೆಕ್. ಹಾಗಾಗಿ ಕೆಳಗಿನ ಅರ್ಧಕ್ಕರ್ಧ ಉತ್ತರಗಳು ಆ ಹಾಳೆಯ ಸುತ್ತಲೇ ಸುತ್ತುತ್ತವೆ.

ಹೆಚ್ಚಿನ ಮಾತು ಇಕೋ ಸಾಲ್ವೆಂಟ್ (ನೀರಿನ ಬದಲು ರಾಸಾಯನಿಕ ದ್ರಾವಕದ ಇಂಕ್ ಹಾಕುವ) ಮಷಿನ್‌ಗಳ ಬಗ್ಗೆ. ಅಂದರೆ ಡಿಎಕ್ಸ್5, ಎಕ್ಸ್‌ಪಿ600, ಐ3200 ತರಹದ ಎಪ್ಸನ್ ಹೆಡ್ ಇರುವವು. ನಮ್ಮ ಕಡೆಯ ಅಂಗಡಿಗಳಲ್ಲಿ ಜಾಸ್ತಿ ಇರುವುದು ಅವೇ. ಹೆಚ್‌ಪಿ, ಕ್ಯಾನನ್ ಪ್ಲಾಟರ್ ಇರುವವರಿಗೂ ಕೊನೆಯ ಹತ್ತಿರ ಒಂದು ಉತ್ತರ ಇದೆ.

ಪ್ರಿಂಟ್‌ನಲ್ಲಿ ಬಿಳಿ ಗೆರೆ ಬರುತ್ತಿದೆ. ಹೆಡ್ ಕ್ಲೀನಿಂಗ್ ಕೊಡಲಾ?

ಈಗಲೇ ಬೇಡ. ಗೆರೆ ಬರಲು ಕಡಿಮೆ ಅಂದರೂ ಐದಾರು ಕಾರಣಗಳಿವೆ. ಅದರಲ್ಲಿ ಕ್ಲೀನಿಂಗ್‌ನಿಂದ ಸರಿಹೋಗುವುದು ಒಂದೋ ಎರಡೋ. ಮೊದಲು ನಾಝಲ್ ಚೆಕ್ ತೆಗೆಯಿರಿ. ಅದರಲ್ಲಿ ಎಲ್ಲ ಗೆರೆ ಇದ್ದರೆ ತೊಂದರೆ ಹೆಡ್‌ನದ್ದಲ್ಲ. ಸ್ಟೆಪ್, ಮೀಡಿಯಾ, ಸೆಟ್ಟಿಂಗ್ ಕಡೆ ನೋಡಬೇಕು. ಮೀಡಿಯಾ ಅಂದರೆ ಪ್ರಿಂಟ್ ಆಗುವ ವಿನೈಲ್ ಅಥವಾ ಬಟ್ಟೆ, ಅದು ಮುಂದೆ ಸರಿಯುವ ಅಳತೆಯೇ ಸ್ಟೆಪ್. ಗೆರೆ ತಪ್ಪಿದ್ದರೆ ಎಲ್ಲಿ ತಪ್ಪಿದೆ ಅಂತ ಪೆನ್ನಿನಲ್ಲಿ ಸುತ್ತು ಹಾಕಿ, ಹಾಳೆಯ ಮೇಲೆ ಟೈಮ್ ಬರೆದಿಡಿ. ಎರಡನೇ ಹಾಳೆ ಬಂದಾಗ ಪಕ್ಕದಲ್ಲಿಟ್ಟು ನೋಡಬೇಕಲ್ಲ, ಅದಕ್ಕೆ.

ನಾಝಲ್ ಚೆಕ್ ಹಾಳೆಯನ್ನು ಓದುವುದು ಹೇಗೆ?

ಒಂದು ಡಿಎಕ್ಸ್5 ಹೆಡ್‌ನಲ್ಲಿ 8 ಸಾಲು, ಸಾಲಿಗೆ 180 ತೂತು, ಒಟ್ಟು 1440. ಎಕ್ಸ್‌ಪಿ600ನಲ್ಲಿ 6 ಸಾಲು, 1080. ಐ3200ನಲ್ಲಿ ಹೆಸರೇ ಹೇಳುವ ಹಾಗೆ 3200. ಹಾಳೆಯ ಮೇಲಿನ ಒಂದೊಂದು ಚಿಕ್ಕ ಗೆರೆಯೂ ಒಂದೊಂದು ತೂತಿನದ್ದು. ಹತ್ತು ಗೆರೆ ಇಲ್ಲ ಅಂದರೆ ಹತ್ತು ತೂತು ಇಂಕ್ ಬಿಡುತ್ತಿಲ್ಲ, ಅಷ್ಟೇ. ಆದರೆ ಯಾಕೆ ಬಿಡುತ್ತಿಲ್ಲ ಅನ್ನುವುದು ಒಂದು ಹಾಳೆಯಲ್ಲಿ ಗೊತ್ತಾಗುವುದಿಲ್ಲ. ಎರಡು ಬೇಕು.

ಎರಡು ಹಾಳೆಯಲ್ಲೂ ಅದದೇ ಜಾಗದ ಗೆರೆ ಇಲ್ಲದಿದ್ದರೆ ಅಲ್ಲಿ ಇಂಕ್ ಒಣಗಿ ಕೂತಿದೆ. ಇದು ಕ್ಲೀನಿಂಗ್‌ಗೆ ಬಗ್ಗುವ ಕಾಯಿಲೆ.

ಮೊದಲ ಹಾಳೆಯಲ್ಲಿ ಮೇಲೆ ತಪ್ಪಿದ್ದು ಎರಡನೆಯದರಲ್ಲಿ ಬಂದು, ಬೇರೆ ಕಡೆ ತಪ್ಪಿದೆ. ಹೀಗೆ ಜಾಗ ಬದಲಾದರೆ ಒಳಗೆ ಗಾಳಿ ಸೇರಿದೆ. ಇದಕ್ಕೆ ಮೇಲಿಂದ ಮೇಲೆ ಕ್ಲೀನಿಂಗ್ ಕೊಟ್ಟರೆ ಇನ್ನಷ್ಟು ಗಾಳಿ ಎಳೆದುಕೊಳ್ಳುತ್ತದೆ. ಹೆಡ್ ಅನ್ನು ಅದರ ರಬ್ಬರ್ ಬಟ್ಟಲು, ಅಂದರೆ ಕ್ಯಾಪ್ ಮೇಲೆ ಕೂರಿಸಿ ಅರ್ಧ ಗಂಟೆ ಸುಮ್ನೆ ಬಿಡಿ. ಗುಳ್ಳೆ ತಾನಾಗಿ ಮೇಲೇರುತ್ತದೆ. ಕಾಯುವುದೂ ಒಂದು ರಿಪೇರಿಯೇ, ಆದರೆ ಕಸ್ಟಮರ್ ಎದುರಿಗೆ ನಿಂತಿರುವಾಗ ಯಾರಿಗೂ ಆ ತಾಳ್ಮೆ ಇರುವುದಿಲ್ಲ.

ಗೆರೆ ಇದೆ, ಆದರೆ ಓರೆಯಾಗಿದೆ ಅಂದರೆ ತೂತಿನ ಬಾಯಿಯಲ್ಲಿ ಏನೋ ಅಂಟಿದೆ. ಬಟ್ಟೆಯ ಎಳೆ, ಕೂದಲು, ಗಟ್ಟಿಯಾದ ಇಂಕ್, ಏನಾದರೂ. ಒಂದು ಬಣ್ಣದ ಜಾಗದಲ್ಲಿ ಇನ್ನೊಂದು ಬಣ್ಣ ಬೆರೆತು ಕಾಣಿಸಿದರೆ ಕ್ಯಾಪ್‌ನಲ್ಲಿ ಇಂಕ್ ನಿಂತಿದೆ ಅಥವಾ ಹೆಡ್ ತಳ ಒರೆಸುವ ವೈಪರ್ ಗಲೀಜಾಗಿದೆ. ಇಡೀ ಬಣ್ಣವೇ ಮಾಯವಾಗಿದ್ದರೆ ಹೆಡ್ ಮುಟ್ಟಬೇಡಿ. ಮೊದಲು ಟ್ಯಾಂಕಿನಲ್ಲಿ ಇಂಕ್ ಇದೆಯಾ ನೋಡಿ. ನಗಬೇಡಿ, ನಾನೇ ಒಮ್ಮೆ ಖಾಲಿ ಟ್ಯಾಂಕ್ ಇಟ್ಟುಕೊಂಡು ಒಂದೂವರೆ ಗಂಟೆ ಹೆಡ್ ತೊಳೆದಿದ್ದೇನೆ.

ಹಳದಿ ಮಾತ್ರ ಕಣ್ಣಿಗೆ ಮೋಸ ಮಾಡುತ್ತದೆ. ಬಿಳಿ ಹಾಳೆಯ ಮೇಲೆ ಹಳದಿ ಗೆರೆ ಇದೆಯೋ ಇಲ್ಲವೋ ತಿಳಿಯುವುದಿಲ್ಲ. ನೀಲಿ ಎಲ್‌ಇಡಿ ಬೆಳಕಿನಲ್ಲಿ ಹಿಡಿದು ನೋಡಿ. ಹಳದಿ ಗೆರೆಗಳು ಕಪ್ಪಗೆ ಎದ್ದು ಕಾಣುತ್ತವೆ. ಮೊಬೈಲ್ ಟಾರ್ಚ್‌ಗೆ ನೀಲಿ ಜಿಲೆಟಿನ್ ಕಾಗದ ಸುತ್ತಿದರೂ ಸಾಕು.

ಎಷ್ಟು ಸಲ ಕ್ಲೀನಿಂಗ್ ಕೊಡಬಹುದು?

ನನ್ನ ಲೆಕ್ಕ ಮೂರು. ಒಂದು ಸಲ ಕೊಡಿ, ನಾಝಲ್ ಚೆಕ್ ತೆಗೆಯಿರಿ. ಸುಧಾರಿಸಿದ್ದರೆ ಇನ್ನೊಂದು. ಮೂರನೆಯದಕ್ಕೂ ಬದಲಾವಣೆ ಇಲ್ಲ ಅಂದರೆ ನಾಲ್ಕನೆಯದು ಇಂಕ್ ದಂಡ. ಪ್ರತಿ ಸಲವೂ ಪಂಪು ಇಂಕನ್ನು ಎಳೆದು ವೇಸ್ಟ್ ಬಾಟಲಿಗೆ ಸುರಿಯುತ್ತದೆ. ಆ ಬಾಟಲಿಯ ತೂಕ ನೋಡಿದರೆ ನಿಮ್ಮ ಲಾಭ ಎಲ್ಲಿ ಹೋಗುತ್ತಿದೆ ಅಂತ ಗೊತ್ತಾಗುತ್ತದೆ.

ಕ್ಲೀನಿಂಗ್ ಕೊಟ್ಟಷ್ಟೂ ಗೆರೆ ಜಾಸ್ತಿ ಆಗುತ್ತಿದೆ. ಏನಿದು?

ಹೆಚ್ಚಾಗಿ ಕ್ಯಾಪ್‌ನ ತಪ್ಪು. ಹೆಡ್ ಕೆಲಸ ಮುಗಿಸಿ ಬಂದು ಕೂರುವ ರಬ್ಬರ್ ಬಟ್ಟಲೇ ಕ್ಯಾಪ್. ಅದರ ಅಂಚು ಹೆಡ್‌ಗೆ ಗಾಳಿ ಆಡದಂತೆ ಅಂಟಿಕೊಂಡರೆ ಮಾತ್ರ ಪಂಪು ಇಂಕ್ ಎಳೆಯುತ್ತದೆ. ಅಂಚಿನಲ್ಲಿ ಒಂದು ಒಣ ಇಂಕಿನ ಕಾಳು ಕೂತಿದ್ದರೂ ಸಾಕು, ಪಂಪು ಇಂಕಿನ ಬದಲು ಗಾಳಿ ಎಳೆಯುತ್ತದೆ. ತೂತಾದ ಸ್ಟ್ರಾದಲ್ಲಿ ಎಳನೀರು ಕುಡಿದ ಹಾಗೆ.

ಪರೀಕ್ಷೆ ಸುಲಭ. ಹೆಡ್ ಅನ್ನು ಪಕ್ಕಕ್ಕೆ ಸರಿಸಿ, ಕ್ಯಾಪ್ ತುಂಬ ಕ್ಲೀನಿಂಗ್ ಲಿಕ್ವಿಡ್ ಹಾಕಿ, ಪಂಪು ಓಡಿಸಿ. ಬಟ್ಟಲು ಸರಸರ ಖಾಲಿಯಾದರೆ ಪಂಪು, ಟ್ಯೂಬು ಸರಿ ಇವೆ. ಖಾಲಿಯಾಗದಿದ್ದರೆ ಕೆಳಗಿನ ಟ್ಯೂಬ್ ಕಟ್ಟಿದೆ ಅಥವಾ ಪಂಪು ಸತ್ತಿದೆ. ಖಾಲಿಯಾಯಿತು, ಆದರೂ ಕ್ಲೀನಿಂಗ್ ಹತ್ತುತ್ತಿಲ್ಲ ಅಂದರೆ ಅಂಚಿನ ರಬ್ಬರ್ ನೋಡಿ.

ನಮ್ಮ ಅಂಗಡಿಯಲ್ಲಿ ಒಂದು ಮಷಿನ್ ಎರಡು ವಾರ ಕಾಡಿತ್ತು. ಮೆಜೆಂಟಾ ಬೆಳಿಗ್ಗೆ ಇರುತ್ತಿತ್ತು, ಮಧ್ಯಾಹ್ನ ಇಲ್ಲ. ಹೆಡ್ ಮೇಲೆ ಇಂಕ್ ಸೋಸುವ ಡ್ಯಾಂಪರ್ ಬದಲಿಸಿದೆವು, ಇಂಕ್ ಬದಲಿಸಿದೆವು. ಕೊನೆಗೆ ಕ್ಯಾಪ್ ಬಿಚ್ಚಿ ಟ್ಯೂಬ್ ಲೈಟಿನ ಕೆಳಗೆ ಹಿಡಿದರೆ, ರಬ್ಬರಿನ ಒಂದು ಮೂಲೆ ಊದಿಕೊಂಡು ಅಲೆಅಲೆಯಾಗಿತ್ತು. ಉಗುರಿನಿಂದ ಒತ್ತಿದರೆ ಹಾಗೇ ಗುಳಿ ಬೀಳುತ್ತಿತ್ತು, ಮೇಲೇಳುತ್ತಿರಲಿಲ್ಲ. ಯಾರೋ ಜೋರಾದ ಸಾಲ್ವೆಂಟ್‌ನಿಂದ ಒರೆಸಿದ್ದರು. ಹೊಸ ಕ್ಯಾಪ್ ಹಾಕಿದ್ದು ಹದಿನೈದು ನಿಮಿಷದ ಕೆಲಸ. ಅಂದಿನಿಂದ ಕ್ಯಾಪ್ ಅಂಚು, ವೈಪರ್ ಎರಡನ್ನೂ ದಿನಾ ಸಂಜೆ ಒರೆಸುತ್ತೇವೆ. ಹೆಡ್‌ಗಿಂತ ಜಾಸ್ತಿ ನಾನು ಕ್ಯಾಪ್ ನೋಡುತ್ತೇನೆ.

ಶುರುವಿನಲ್ಲಿ ಬಣ್ಣ ಚೆನ್ನಾಗಿದೆ. ಎರಡು ಮೀಟರ್ ಆದ ಮೇಲೆ ಮಾಸುತ್ತದೆ. ಯಾಕೆ?

ಹೆಡ್‌ಗೆ ಹಸಿವು. ಖರ್ಚಾಗುವ ವೇಗದಲ್ಲಿ ಇಂಕ್ ಬರುತ್ತಿಲ್ಲ. ತೆಳು ಬಣ್ಣದ ಕೆಲಸದಲ್ಲಿ ಇದು ಗೊತ್ತೇ ಆಗುವುದಿಲ್ಲ. ಇಡೀ ಬ್ಯಾನರ್ ಕಡುನೀಲಿ ಇದ್ದಾಗ ಬಯಲಾಗುತ್ತದೆ.

ಮೊದಲ ಅನುಮಾನ ಡ್ಯಾಂಪರ್ ಮೇಲೆ. ಹೆಡ್ ಮೇಲೆ ಕೂತಿರುವ ಆ ಪುಟ್ಟ ಪ್ಲಾಸ್ಟಿಕ್ ಡಬ್ಬಿಯೊಳಗೆ ಸೋಸುವ ಜಾಲರಿ ಇರುತ್ತದೆ. ಅದು ಕಟ್ಟಿದರೆ ಇಂಕ್ ತೊಟ್ಟಿಕ್ಕುತ್ತದೆ, ಹರಿಯುವುದಿಲ್ಲ. ಡ್ಯಾಂಪರ್ ಸವೆಯುವ ಸಾಮಾನು. ಅದನ್ನು ತೊಳೆದು ಮತ್ತೆ ಹಾಕುವ ಉಳಿತಾಯ ನನಗೆ ಇಷ್ಟವಿಲ್ಲ. ಆಮೇಲೆ ಟ್ಯೂಬ್ ಎಲ್ಲಾದರೂ ಮಡಚಿದೆಯಾ, ಟ್ಯಾಂಕ್ ಮುಚ್ಚಳದ ಗಾಳಿತೂತು ತೆರೆದಿದೆಯಾ ನೋಡಿ. ಆ ತೂತು ಮುಚ್ಚಿದ್ದರೆ ಟ್ಯಾಂಕ್ ಒಳಗೆ ನಿರ್ವಾತ ಆಗಿ ಇಂಕ್ ಇಳಿಯುವುದೇ ಇಲ್ಲ. ಟ್ಯೂಬಿನಲ್ಲಿ ಇಂಕಿನ ಮಧ್ಯೆ ಗಾಳಿಯ ತುಂಡು ಕಂಡರೆ ಎಲ್ಲೋ ಜಾಯಿಂಟ್ ಸಡಿಲವಾಗಿದೆ.

ಡ್ಯಾಂಪರ್ ಬಿಚ್ಚುವ ಮೊದಲು ಮೇನ್ ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತಿಡಿ. ಹೆಡ್‌ಗೆ ಹೋಗುವ ಪಟ್ಟಿ ಕೇಬಲ್ ಪಕ್ಕದಲ್ಲೇ ಇರುತ್ತದೆ. ಒಂದು ಹನಿ ಇಂಕ್ ಆ ಕೇಬಲ್ ತುದಿಗೆ ಇಳಿದು ಪವರ್ ಬಂದರೆ ಹೆಡ್ ಜೊತೆಗೆ ಬೋರ್ಡೂ ಸುಡುತ್ತದೆ. ಹೆಡ್ ಕೆಟ್ಟು ಮೂಲೆ ಸೇರಿದ ಎಷ್ಟೋ ಕಡೆ ಇದೇ ಕತೆ.

ಸಿರಿಂಜ್‌ನಿಂದ ಒತ್ತಿ ಹೆಡ್ ತೊಳೆಯಬಹುದಾ?

ವಿಡಿಯೋಗಳಲ್ಲಿ ಜೋರಾಗಿ ಒತ್ತುವುದನ್ನು ತೋರಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಎಪ್ಸನ್ ಹೆಡ್ ಒಳಗೆ ಕರೆಂಟ್ ಕೊಟ್ಟಾಗ ಬಾಗುವ ತೆಳು ಪದರಗಳಿವೆ. ಅವು ಬಾಗಿದಾಗ ಇಂಕ್ ಹನಿ ಹೊರಬೀಳುತ್ತದೆ. ಸಿರಿಂಜ್‌ನ ಒತ್ತಡ ಆ ಪದರವನ್ನೇ ಹರಿಯಬಹುದು. ಹರಿದರೆ ಬಣ್ಣ ಬಣ್ಣ ಒಳಗೇ ಬೆರೆಯುತ್ತದೆ, ಆ ಹೆಡ್ ಮುಗಿಯಿತು.

ಕಟ್ಟಿದ ಹೆಡ್‌ಗೆ ನೆನೆಸುವುದೇ ಮದ್ದು. ಕ್ಯಾಪ್ ತುಂಬ ಲಿಕ್ವಿಡ್ ಹಾಕಿ ಹೆಡ್ ಕೂರಿಸಿ, ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಒಂದೇ ಒಂದು ಕ್ಲೀನಿಂಗ್. ಲಿಕ್ವಿಡ್ ಮಾತ್ರ ಇಂಕಿನ ಜಾತಿಯದ್ದೇ ಇರಬೇಕು. ಸಾಲ್ವೆಂಟ್ ಇಂಕ್‌ಗೆ ನೀರು ಹಾಕಿದರೆ ಅದು ಮೊಸರಿನ ಹಾಗೆ ಗರಣೆಗಟ್ಟುತ್ತದೆ. ನೀರಿನ ಇಂಕ್ ಆದರೂ ಬೋರ್‌ವೆಲ್ ನೀರು ಬೇಡ. ಅದರ ಉಪ್ಪು ತೂತಿನಲ್ಲಿ ಕೂರುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು ತನ್ನಿ.

ನಾಝಲ್ ಚೆಕ್ ಪೂರ್ತಿ ಸರಿ ಇದೆ. ಆದರೂ ಅಡ್ಡ ಗೆರೆ ಬರುತ್ತಿದೆಯಲ್ಲ?

ಅದು ಸ್ಟೆಪ್. ಹೆಡ್ ಒಂದು ಸುತ್ತು ಹೋಗಿ ಬಂದ ಮೇಲೆ ಮೀಡಿಯಾ ಎಷ್ಟು ಮುಂದೆ ಸರಿಯಬೇಕು ಅನ್ನುವ ಅಳತೆ ತಪ್ಪಿದೆ. ಒಂದೇ ಅಂತರದಲ್ಲಿ ಬಿಳಿ ಗೆರೆ ಬಂದರೆ ಮೀಡಿಯಾ ಜಾಸ್ತಿ ಸರಿಯುತ್ತಿದೆ. ಕಪ್ಪು ಗೆರೆ ಬಂದರೆ ಕಡಿಮೆ ಸರಿಯುತ್ತಿದೆ, ಒಂದರ ಮೇಲೊಂದು ಬೀಳುತ್ತಿದೆ. ಸ್ಟೆಪ್ ಟೆಸ್ಟ್ ತೆಗೆದು ಸರಿ ಮಾಡಿಕೊಳ್ಳಿ.

ಇಲ್ಲೊಂದು ಎಚ್ಚರ. ಮೀಡಿಯಾ ಕಾಯಿಸುವ ಹೀಟರ್ ಬಿಸಿಯಾದ ಮೇಲೆ ಸ್ಟೆಪ್ ಟೆಸ್ಟ್ ಮಾಡಿ. ವಿನೈಲ್ ಬಿಸಿಗೆ ಹಿಗ್ಗುತ್ತದೆ. ಬೆಳಿಗ್ಗೆ ತಣ್ಣಗಿದ್ದಾಗ ಸೆಟ್ ಮಾಡಿದ್ದು ಹತ್ತು ಗಂಟೆಗೆ ಸುಳ್ಳಾಗುತ್ತದೆ. ಮೀಡಿಯಾ ಬದಲಾದರೆ ಸ್ಟೆಪ್ ಕೂಡ ಬದಲಾಗುತ್ತದೆ. ನಾವು ಪ್ರತಿ ಮೀಡಿಯಾದ ನಂಬರನ್ನು ಮಷಿನ್ ಪಕ್ಕದ ಗೋಡೆಗೆ ಅಂಟಿಸಿದ್ದೇವೆ. ರೋಲ್ ಮುಗಿಯುತ್ತಾ ಬಂದಾಗ ಎಳೆತ ಬದಲಾಗಿ ಗೆರೆ ಬರುವುದೂ ಉಂಟು. ಹಿಂದಿನಿಂದ ಒಂದಿಷ್ಟು ಮೀಡಿಯಾ ಸಡಿಲ ಬಿಟ್ಟುಕೊಂಡರೆ ಹೋಗುತ್ತದೆ.

ಅರ್ಜೆಂಟ್ ಇದ್ದರೆ ಪಾಸ್ ಜಾಸ್ತಿ ಮಾಡಿ. ಒಂದು ಜಾಗದ ಮೇಲೆ ಹೆಡ್ ಎಷ್ಟು ಸಲ ಓಡುತ್ತದೆ ಅನ್ನುವುದೇ ಪಾಸ್. 4 ಪಾಸ್ ಬದಲು 6 ಅಥವಾ 8. ಒಂದು ತೂತು ಬಿಟ್ಟ ಜಾಗವನ್ನು ಇನ್ನೊಂದು ತೂತು ತುಂಬುತ್ತದೆ. ನಿಧಾನವಾಗುತ್ತದೆ, ಆದರೆ ಸಂಜೆಯ ಫಂಕ್ಷನ್‌ಗೆ ಬ್ಯಾನರ್ ಹೋಗುತ್ತದೆ.

ಅಕ್ಷರಗಳು ಎರಡೆರಡಾಗಿ, ನೆರಳು ಬಿದ್ದ ಹಾಗೆ ಕಾಣುತ್ತಿವೆ.

ಅದೇ ಫೈಲನ್ನು ಒಂದೇ ದಿಕ್ಕಿನಲ್ಲಿ ಪ್ರಿಂಟ್ ಮಾಡಿ ನೋಡಿ. ನೆರಳು ಹೋದರೆ ಎರಡು ದಿಕ್ಕಿನ ಹೊಂದಾಣಿಕೆ ತಪ್ಪಿದೆ. ಬೈಡೈರೆಕ್ಷನ್ ಕ್ಯಾಲಿಬ್ರೇಷನ್ ಮಾಡಿದರೆ ಮುಗಿಯಿತು. ಹೋಗದೆ, ಅಕ್ಷರದ ಸುತ್ತ ಮಂಜು ಚಿಮುಕಿಸಿದ ಹಾಗಿದ್ದರೆ ಹೆಡ್ ಎತ್ತರ ಜಾಸ್ತಿ ಇದೆ. ವಿನೈಲ್‌ಗೆ 2 ಮಿಲಿಮೀಟರ್ ಆಸುಪಾಸು ಸಾಕು. ಕ್ಯಾನ್ವಾಸ್ ಹಾಕಲು ಏರಿಸಿದ್ದನ್ನು ಇಳಿಸಲು ಮರೆತಿರುತ್ತೀರಿ. ತುಂಬ ಇಳಿಸಲೂಬೇಡಿ. ಮೀಡಿಯಾದ ಅಂಚು ಮೇಲೆದ್ದು ಹೆಡ್‌ಗೆ ಉಜ್ಜಿದರೆ ದೊಡ್ಡ ಖರ್ಚು.

ಚಿತ್ರ ಇದ್ದಕ್ಕಿದ್ದಂತೆ ಪಕ್ಕಕ್ಕೆ ಜಾರುತ್ತದೆ. ಹೆಡ್ ಹೊತ್ತು ಓಡುವ ಕ್ಯಾರೇಜ್ ಹೋಗಿ ಗುದ್ದುತ್ತದೆ. ಇದೂ ಇಂಕಿನ ತೊಂದರೆಯಾ?

ಅಲ್ಲ, ಎನ್‌ಕೋಡರ್ ಸ್ಟ್ರಿಪ್. ಮಷಿನ್ ಉದ್ದಕ್ಕೂ ಕಟ್ಟಿರುವ ಪಾರದರ್ಶಕ ಪಟ್ಟಿ ಅದು. ಅದರ ಮೇಲಿನ ಸೂಕ್ಷ್ಮ ಗೆರೆಗಳನ್ನು ಎಣಿಸಿಯೇ ಹೆಡ್‌ಗೆ ತಾನು ಎಲ್ಲಿದ್ದೇನೆ ಅಂತ ತಿಳಿಯುವುದು. ಇಂಕಿನ ಮಂಜು, ಧೂಳು ಕೂತರೆ ಎಣಿಕೆ ತಪ್ಪುತ್ತದೆ. ಎಳೆ ಬಿಡದ ಬಟ್ಟೆಯನ್ನು ಸ್ವಲ್ಪ ಒದ್ದೆ ಮಾಡಿ ಹಗುರವಾಗಿ ಒರೆಸಿ. ಹೆಡ್ ತೊಳೆಯುವ ಸಾಲ್ವೆಂಟ್ ಮಾತ್ರ ಬೇಡವೇ ಬೇಡ. ಗೆರೆಗಳೇ ಅಳಿಸಿಹೋಗುತ್ತವೆ.

ಆಯುಧಪೂಜೆಯ ಮರುದಿನ ನನಗೆ ಈ ಫೋನ್ ತಪ್ಪದೆ ಬರುತ್ತದೆ. ಮಷಿನ್‌ಗೆ ಕುಂಕುಮ, ವಿಭೂತಿ, ಚೆಂಡುಹೂವಿನ ಹಾರ ಎಲ್ಲ ಆಗಿರುತ್ತದೆ. ಒಂದು ವರ್ಷ ನಮ್ಮಲ್ಲೇ ಹುಡುಗ ಭಕ್ತಿಯಿಂದ ಮುಚ್ಚಳ ತೆಗೆದು ರೈಲಿಗೇ ಕುಂಕುಮ ಹಚ್ಚಿದ್ದ. ಮಷಿನ್ ಆನ್ ಮಾಡಿದ ಕೂಡಲೇ ಕ್ಯಾರೇಜ್ ಕುಂಕುಮವನ್ನು ಪಟ್ಟಿಯುದ್ದಕ್ಕೂ ಎಳೆದುಕೊಂಡು ಹೋಯಿತು. ಈಗ ಪೂಜೆ ಹೊರಗಿನ ಮುಚ್ಚಳಕ್ಕೆ ಮಾತ್ರ. ಕರ್ಪೂರದ ಆರತಿ ಇನ್ನೊಂದು ರೂಮಿನಲ್ಲಿ. ಸಾಲ್ವೆಂಟ್ ಹೊಗೆ ತುಂಬಿರುವ ಕಡೆ ಬೆಂಕಿ ಹಚ್ಚುವ ಧೈರ್ಯ ನನಗಿಲ್ಲ.

ಕೆಂಪು ಬಣ್ಣ ಕಿತ್ತಳೆ ಆಗುತ್ತಿದೆ. ಕಪ್ಪು ಬೂದಿ ಬಣ್ಣ ಆಗುತ್ತಿದೆ.

ಕೆಂಪು ಅನ್ನುವ ಇಂಕ್ ನಿಮ್ಮ ಮಷಿನ್‌ನಲ್ಲಿ ಇಲ್ಲ. ಮೆಜೆಂಟಾ, ಹಳದಿ ಸೇರಿ ಕೆಂಪಾಗುತ್ತದೆ. ಹಾಗಾಗಿ ಕೆಂಪು ಕಿತ್ತಳೆಯತ್ತ ಹೋದರೆ ಮೆಜೆಂಟಾ ಸೊರಗಿದೆ. ಗುಲಾಬಿಯತ್ತ ಹೋದರೆ ಹಳದಿ ಸೊರಗಿದೆ. ನವೆಂಬರ್‌ನಲ್ಲಿ ಇದನ್ನು ಪರೀಕ್ಷೆ ಮಾಡಲು ಬೇರೆ ಚಾರ್ಟೇ ಬೇಡ, ಕನ್ನಡ ಬಾವುಟ ಸಾಕು. ಅರಿಶಿನ, ಕುಂಕುಮ ಎರಡೂ ಪಟ್ಟಿಯಲ್ಲಿ ಗೊತ್ತಾಗಿಬಿಡುತ್ತದೆ. ರಾಜ್ಯೋತ್ಸವದ ಹಿಂದಿನ ರಾತ್ರಿ ಗುಲಾಬಿ ಪಟ್ಟಿಯ ಬಾವುಟ ನಲವತ್ತು ಅಡಿ ಹೊಡೆದ ಮೇಲೆ ಗೊತ್ತಾಗುವುದು ಬೇಡ, ಮೊದಲೇ ಒಂದು ಅಡಿ ತೆಗೆದು ನೋಡಿ.

ನಾಝಲ್ ಎಲ್ಲ ಸರಿಯಿದ್ದೂ ಬಣ್ಣ ತಪ್ಪಿದರೆ ಫೈಲನ್ನು ಮಷಿನ್‌ಗೆ ಕಳಿಸುವ ರಿಪ್ ಸಾಫ್ಟ್‌ವೇರ್‌ನಲ್ಲಿ ಬೇರೆ ಮೀಡಿಯಾದ ಪ್ರೊಫೈಲ್ (ಬಣ್ಣದ ಸೆಟ್ಟಿಂಗ್) ಆಯ್ಕೆಯಾಗಿದೆ. ಬಣ್ಣ ಒಮ್ಮೆಲೇ ಕೆಟ್ಟರೆ ಮೊದಲು ಕೇಳಬೇಕಾದ್ದು, ನಿನ್ನೆ ಕಂಪ್ಯೂಟರ್ ಮುಂದೆ ಯಾರು ಕೂತಿದ್ದರು ಅಂತ.

ಕಪ್ಪಿನ ವಿಷಯ ಬೇರೆ. ಬರೀ ಕೆ 100, ಅಂದರೆ ಕಪ್ಪು ಇಂಕ್ ಮಾತ್ರ ನೂರು ಪರ್ಸೆಂಟ್ ಇಟ್ಟ ದೊಡ್ಡ ಜಾಗ ಬೂದಿಯಾಗಿಯೇ ಕಾಣುತ್ತದೆ. ಅದಕ್ಕೆ ಸಯಾನ್, ಮೆಜೆಂಟಾ, ಹಳದಿ ಸ್ವಲ್ಪ ಸ್ವಲ್ಪ ಬೆರೆಸಬೇಕು. ಹಾಗಂತ ನಾಲ್ಕೂ 100 ಕೊಡಬೇಡಿ. ಒಟ್ಟು 400 ಆಯಿತು, ಯಾವ ವಿನೈಲೂ ಅಷ್ಟು ಕುಡಿಯುವುದಿಲ್ಲ. ಸಣ್ಣ ಅಕ್ಷರಗಳಿಗೆ ಬರೀ ಕೆ ಒಳ್ಳೆಯದು, ಅಂಚು ಚೊಕ್ಕ ಬರುತ್ತದೆ.

ಕಡಿಮೆ ಬೆಲೆಯ ಇಂಕ್ ಹಾಕಬಹುದಾ?

ಹಾಕುವವರು ಇದ್ದಾರೆ, ನಡೆಯುತ್ತಲೂ ಇದೆ. ತೊಂದರೆ ಬರುವುದು ಬೆರೆಸಿದಾಗ. ಹಳೆಯ ಇಂಕ್ ಅರ್ಧ ಇರುವಾಗಲೇ ಅದರ ಮೇಲೆ ಬೇರೆ ಕಂಪನಿಯದನ್ನು ಸುರಿದರೆ ಕೆಲವೊಮ್ಮೆ ಎರಡೂ ಸೇರಿ ಜೆಲ್ ಆಗುತ್ತವೆ, ಅದೂ ಹೆಡ್ ಒಳಗೆ ಹೋದ ಮೇಲೆ. ಬದಲಿಸಲೇಬೇಕು ಅಂದರೆ ಗಾಜಿನ ಲೋಟದಲ್ಲಿ ಎರಡನ್ನೂ ಸ್ವಲ್ಪ ಬೆರೆಸಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ತಳದಲ್ಲಿ ಗಸಿ ಕಂಡರೆ ಆ ಆಸೆ ಬಿಡಿ. ಕಾಣದಿದ್ದರೂ ಟ್ಯಾಂಕ್, ಟ್ಯೂಬ್ ಎಲ್ಲ ತೊಳೆದ ಮೇಲೆಯೇ ಹೊಸದು. ಪ್ರೊಫೈಲ್ ಕೂಡ ಹೊಸದು ಬೇಕಾಗುತ್ತದೆ. ಲೀಟರ್‌ಗೆ ಉಳಿಸಿದ ದುಡ್ಡು ಇದರಲ್ಲೇ ಹೋಗುವುದನ್ನು ನೋಡಿದ್ದೇನೆ.

ಮಳೆಗಾಲಕ್ಕೂ ಬೇಸಿಗೆಗೂ ಪ್ರಿಂಟ್ ಬೇರೆ ಬೇರೆ ಯಾಕೆ ಬರುತ್ತದೆ?

ಮಂಗಳೂರು, ಶಿರಸಿ ಕಡೆ ಜುಲೈಯಲ್ಲಿ ಗಾಳಿಯೇ ಒದ್ದೆ. ಬಟ್ಟೆ, ಕಾಗದ ತೇವ ಹೀರಿ ಅಲೆ ಏಳುತ್ತವೆ. ಪ್ರಿಂಟ್ ಒಣಗಲು ಹೊತ್ತು ಹಿಡಿಯುತ್ತದೆ. ಕಲಬುರಗಿ, ರಾಯಚೂರಿನಲ್ಲಿ ಏಪ್ರಿಲ್ ತಿಂಗಳಿಗೆ 40 ಡಿಗ್ರಿ ದಾಟಿದ ಒಣ ಬಿಸಿ. ತೂತಿನ ಬಾಯಲ್ಲೇ ಇಂಕ್ ಒಣಗುತ್ತದೆ. ಮೀಡಿಯಾ ಎಳೆದಾಗ ಸ್ಟ್ಯಾಟಿಕ್ ಕರೆಂಟ್ ಹುಟ್ಟಿ, ಹನಿಗಳು ಅತ್ತಿತ್ತ ಹಾರಿ ಅಕ್ಷರದ ಅಂಚಿನಲ್ಲಿ ಮೀಸೆ ಮೂಡುತ್ತದೆ. ಅರ್ಥಿಂಗ್ ಸರಿ ಇದೆಯಾ ಅಂತ ಎಲೆಕ್ಟ್ರಿಷಿಯನ್ ಕರೆಸಿ ನೋಡಿಸಿ.

ರೂಮಿನ ತೇವ 40ರಿಂದ 60 ಪರ್ಸೆಂಟ್ ಒಳಗೆ, ಬಿಸಿ 20ರಿಂದ 28 ಡಿಗ್ರಿ ಒಳಗೆ ಇದ್ದರೆ ಮಷಿನ್ ಖುಷಿಯಾಗಿರುತ್ತದೆ. ಸಣ್ಣ ಹೈಗ್ರೋಮೀಟರ್ ತಂದು ಗೋಡೆಗೆ ನೇತುಹಾಕಿ. ಫ್ಯಾನ್ ಗಾಳಿ ನೇರ ಹೆಡ್ ಮೇಲೆ ಬೀಳಬಾರದು. ಎಷ್ಟೋ ಅಂಗಡಿಗಳಲ್ಲಿ ನಾಝಲ್ ಒಣಗಿಸುತ್ತಿರುವುದು ಆಪರೇಟರ್ ತನಗೆ ಅಂತ ಇಟ್ಟುಕೊಂಡ ಟೇಬಲ್ ಫ್ಯಾನೇ.

ಪ್ರಿಂಟ್ ಅಂಟಂಟಾಗಿದೆ. ಲ್ಯಾಮಿನೇಷನ್ ಮಾಡಿದರೆ ಗುಳ್ಳೆ ಏಳುತ್ತದೆ.

ಮೇಲೆ ಒಣಗಿದ ಹಾಗೆ ಕಂಡರೂ ಒಳಗೆ ಸಾಲ್ವೆಂಟ್ ಉಳಿದಿರುತ್ತದೆ. ಕನಿಷ್ಠ 24 ಗಂಟೆ ಸಡಿಲವಾಗಿ ಬಿಟ್ಟು ಆಮೇಲೆ ಲ್ಯಾಮಿನೇಟ್ ಮಾಡಿ. ಬಿಗಿಯಾಗಿ ಸುತ್ತಿಟ್ಟರೆ ಆ 24 ಗಂಟೆ ಲೆಕ್ಕಕ್ಕಿಲ್ಲ, ಆವಿ ಹೊರಗೆ ಹೋಗಬೇಕಲ್ವಾ. ಹೀಟರ್ ಏರಿಸಿ, ಪಾಸ್ ಹೆಚ್ಚಿಸಿ, ಇಂಕ್ ಲಿಮಿಟ್ (ಬೀಳುವ ಇಂಕಿನ ಗರಿಷ್ಠ ಅಳತೆ) ಇಳಿಸಿ. ಈ ಮೂರರಲ್ಲಿ ನಾನು ಮೊದಲು ಮುಟ್ಟುವುದು ಇಂಕ್ ಲಿಮಿಟ್.

ಬಟ್ಟೆ ಬ್ಯಾನರ್ ಮಂಕಾಗಿ ಬರುತ್ತಿದೆ. ಫ್ಲೆಕ್ಸ್ ತರಹ ಯಾಕೆ ಬರುವುದಿಲ್ಲ?

ಕರ್ನಾಟಕ ಸರ್ಕಾರ 2016ರ ಮಾರ್ಚ್‌ನಲ್ಲಿ ಪ್ಲಾಸ್ಟಿಕ್ ಫ್ಲೆಕ್ಸ್, ಬ್ಯಾನರ್ ನಿಷೇಧಿಸಿತು. ಆಮೇಲೆ ಬಟ್ಟೆಯ ಕೆಲಸ ಹೆಚ್ಚಾಯಿತು, ಈ ಪ್ರಶ್ನೆಯೂ ಹೆಚ್ಚಾಯಿತು. ಫ್ಲೆಕ್ಸ್ ಮೇಲೆ ಇಂಕ್ ಮೇಲೇ ನಿಲ್ಲುತ್ತದೆ. ಕೋರಾ ಬಟ್ಟೆಯಲ್ಲಿ ಎಳೆಯೊಳಗೆ ಇಳಿದುಹೋಗುತ್ತದೆ, ಅದಕ್ಕೇ ಮಂಕು. ಕೋಟಿಂಗ್ ಇರುವ ಬಟ್ಟೆ ತೆಗೆದುಕೊಳ್ಳಿ. ಬೆಲೆ ಜಾಸ್ತಿ, ಆದರೆ ಬಣ್ಣ ನಿಲ್ಲುತ್ತದೆ.

ದೊಡ್ಡ ತಲೆನೋವು ಬಟ್ಟೆಯ ಜುಂಗು. ಕತ್ತರಿಸಿದ ಅಂಚಿನಿಂದ ಎಳೆ ಎದ್ದು ಹೆಡ್ ತಳಕ್ಕೆ ಅಂಟಿ, ಬ್ಯಾನರ್ ಉದ್ದಕ್ಕೂ ಇಂಕ್ ಎಳೆದುಕೊಂಡು ಹೋಗುತ್ತದೆ. ರೋಲ್ ಹಾಕುವ ಮೊದಲು ಅಂಚನ್ನು ಮಾಸ್ಕಿಂಗ್ ಟೇಪ್‌ನಿಂದ ಒತ್ತಿ ತೆಗೆಯಿರಿ, ಹೆಡ್ ಸ್ವಲ್ಪ ಏರಿಸಿ. ಬಟ್ಟೆಯ ಕೆಲಸ ಮುಗಿದ ದಿನ ವೈಪರ್ ಒರೆಸದೆ ಮನೆಗೆ ಹೋಗಬೇಡಿ.

ಕನ್ನಡ ಅಕ್ಷರಗಳ ಒಳಗೆ ಬಿಳಿ ತೂತು ಬರುತ್ತಿದೆ. ನಾಝಲ್ ತೊಂದರೆಯಾ?

ಇಲ್ಲ, ಇದು ಫೈಲಿನ ತೊಂದರೆ. ಕನ್ನಡದವರಿಗೆ ಮಾತ್ರ ಸಿಗುವ ಭಾಗ್ಯ ಅಂತ ನಾನು ತಮಾಷೆ ಮಾಡುತ್ತಿರುತ್ತೇನೆ. ನುಡಿ, ಬರಹದಂಥ ಹಳೆಯ ಫಾಂಟ್‌ಗಳಲ್ಲಿ ಅಕ್ಷರದ ಮೈ, ತಲೆಕಟ್ಟು, ಕೊಂಬು, ಒತ್ತು ಎಲ್ಲ ಬೇರೆ ಬೇರೆ ತುಂಡು. ಅವು ಒಂದರ ಮೇಲೊಂದು ಸ್ವಲ್ಪ ಹತ್ತಿ ಕೂರುತ್ತವೆ. ಡಿಸೈನ್ ಮಾಡುವ ಕೋರೆಲ್‌ನಲ್ಲಿ ಅದನ್ನು ಕರ್ವ್ ಮಾಡಿದಾಗ, ಅಂದರೆ ಅಕ್ಷರವನ್ನು ಬರೀ ಆಕಾರವಾಗಿ ಬದಲಿಸಿದಾಗ, ಎರಡು ತುಂಡು ಸೇರಿದ ಜಾಗ ತೂತಾಗಿಬಿಡುತ್ತದೆ. ‘ಕ್ಕ’ ಒತ್ತು ಮೈಗೆ ತಗಲುವ ಕಡೆ ಅಕ್ಕಿಕಾಳಿನಷ್ಟು ಬಿಳುಪು. ಸ್ಕ್ರೀನಿನಲ್ಲಿ ಕಾಣುವುದಿಲ್ಲ, ಇಪ್ಪತ್ತು ಅಡಿ ಬೋರ್ಡಿನಲ್ಲಿ ಅಂಗೈಯಷ್ಟು ದೊಡ್ಡದಾಗಿ ಕಾಣುತ್ತದೆ.

ಕರ್ವ್ ಮಾಡುವ ಮೊದಲೇ ಸಾಲನ್ನು ಬಿಡಿ ಅಕ್ಷರಗಳಾಗಿ ಒಡೆಯಿರಿ. ಆಮೇಲೆ ಕರ್ವ್, ಆಮೇಲೆ ವೆಲ್ಡ್, ಅಂದರೆ ತುಂಡುಗಳನ್ನು ಒಂದಾಗಿ ಬೆಸೆಯುವುದು. ಕರ್ವ್ ಆದ ಮೇಲೆ ಒಡೆದರೆ ‘ಠ’, ‘ರ’ದಂಥ ಅಕ್ಷರಗಳ ಹೊಟ್ಟೆಯೂ ತುಂಬಿಹೋಗುತ್ತದೆ. ಯೂನಿಕೋಡ್ ಫಾಂಟ್ ಆದರೆ ಒಡೆಯಲೇಬೇಡಿ, ಒತ್ತುಗಳು ಚೆಲ್ಲಾಪಿಲ್ಲಿ ಆಗುತ್ತವೆ. ಫಾಂಟ್ ಸೇರಿಸಿದ ಪಿಡಿಎಫ್ ಮಾಡಿ ರಿಪ್‌ಗೆ ಕೊಡಿ.

ಫೋಟೋ ಚೌಕ ಚೌಕವಾಗಿ ಒಡೆದಿದೆ.

ವಾಟ್ಸ್‌ಆ್ಯಪ್‌ನಲ್ಲಿ ಬಂದ ಫೋಟೋ ಅಲ್ವಾ? ಅದು ಕಳಿಸುವಾಗಲೇ ಚಿಕ್ಕದು ಮಾಡುತ್ತದೆ. ‘ಡಾಕ್ಯುಮೆಂಟ್ ಆಗಿ ಕಳಿಸಿ’ ಅಂತ ಹೇಳಿ. ದೂರದಿಂದ ನೋಡುವ ಹೋರ್ಡಿಂಗ್‌ಗೆ 72 ಡಿಪಿಐ ಕೂಡ ಸಾಕು. ಕೈಯಲ್ಲಿ ಹಿಡಿದು ನೋಡುವ ಪೋಸ್ಟರ್‌ಗೆ ಸಾಲದು.

ನಮ್ಮದು ಹೆಚ್‌ಪಿ, ಕ್ಯಾನನ್ ಪ್ಲಾಟರ್. ಇದೆಲ್ಲ ಅದಕ್ಕೂ ಅನ್ವಯಿಸುತ್ತದಾ?

ನಾಝಲ್ ಚೆಕ್, ಸ್ಟೆಪ್, ಎನ್‌ಕೋಡರ್ ಮಾತು ಅನ್ವಯಿಸುತ್ತದೆ. ಹೆಡ್ ಮಾತ್ರ ಬೇರೆ ಜಾತಿ. ಹೆಚ್‌ಪಿ ಡಿಸೈನ್‌ಜೆಟ್, ಕ್ಯಾನನ್ ಇಮೇಜ್‌ಪ್ರೊಗ್ರಾಫ್ ಎರಡರಲ್ಲೂ ಇಂಕನ್ನು ಕ್ಷಣಮಾತ್ರ ಕಾಯಿಸಿ, ಗುಳ್ಳೆ ಎಬ್ಬಿಸಿ ಹನಿ ತಳ್ಳುತ್ತಾರೆ. ಇಂಕ್ ಇಲ್ಲದೆ ಓಡಿದರೆ ಹೆಡ್ ಒಳಗೆ ಇಂಕ್ ಕಾಯಿಸುವ ಆ ಪುಟ್ಟ ಹೀಟರ್ ಸುಡುತ್ತದೆ. ಒಳ್ಳೆಯ ಸುದ್ದಿ ಏನೆಂದರೆ ಅವುಗಳ ಹೆಡ್ ಸವೆಯುವ ಸಾಮಾನಿನ ಲೆಕ್ಕ. ನೀವೇ ತೆಗೆದು ಬೇರೆ ಹಾಕಬಹುದು. ಎರಡು ಕ್ಲೀನಿಂಗ್‌ಗೆ ಬಗ್ಗದಿದ್ದರೆ ನಾನು ಆ ಹೆಡ್ ಜೊತೆ ಗುದ್ದಾಡುವುದಿಲ್ಲ.

ಒಂದು ವಾರ ಅಂಗಡಿ ಮುಚ್ಚುತ್ತೇವೆ. ಏನು ಮಾಡಬೇಕು?

ಕ್ಯಾಪ್, ವೈಪರ್ ಒರೆಸಿ, ಕ್ಯಾಪ್‌ನಲ್ಲಿ ಲಿಕ್ವಿಡ್ ತುಂಬಿ, ಹೆಡ್ ಸರಿಯಾಗಿ ಕೂತಿದೆಯಾ ಕಣ್ಣಾರೆ ನೋಡಿ ಹೋಗಿ. ಕರೆಂಟ್ ಹೋದಾಗ ಹೆಡ್ ನಡುದಾರಿಯಲ್ಲಿ ನಿಂತುಬಿಟ್ಟರೆ ಒಂದೇ ರಾತ್ರಿಗೆ ಒಣಗುತ್ತದೆ. ಅದಕ್ಕೇ ಯುಪಿಎಸ್ ಬೇಕು ಅನ್ನುವುದು. ತಿಂಗಳಿಗಿಂತ ಜಾಸ್ತಿ ಮುಚ್ಚುವುದಾದರೆ ಇಂಕ್ ಪೂರ್ತಿ ತೆಗೆದು ಲಿಕ್ವಿಡ್ ತುಂಬಿಸಿಡಿ. ಅಂಗಡಿ ತೆರೆದಿರುವ ದಿನಗಳಲ್ಲಿ, ಆರ್ಡರ್ ಇರಲಿ ಬಿಡಲಿ, ಎಲ್ಲ ಬಣ್ಣದ ಒಂದು ಪಟ್ಟಿ ಪ್ರಿಂಟ್ ಮಾಡಿ. ವಿನೈಲ್ ಚೂರುಗಳು ಹೇಗೂ ಬಿದ್ದಿರುತ್ತವೆ.

ಹೆಡ್ ನಿಜವಾಗಿಯೂ ಹೋಗಿದೆ ಅಂತ ಹೇಗೆ ಹೇಳುವುದು?

ಕ್ಯಾಪ್, ಡ್ಯಾಂಪರ್, ಪಂಪು ಮೂರೂ ಸರಿ ಅಂತ ಖಾತ್ರಿಯಾದ ಮೇಲೆ ಮಾತ್ರ ಈ ಪ್ರಶ್ನೆ. ರಾತ್ರಿ ನೆನೆಸಿದ ಮೇಲೂ ಅದದೇ ತೂತುಗಳು ಒಂದು ವಾರ ಬಾರದೆ ಇದ್ದರೆ, ಅಥವಾ ಒಂದು ಇಡೀ ಸಾಲು ಲಿಕ್ವಿಡ್ ಸಲೀಸಾಗಿ ಬಿಟ್ಟರೂ ಪ್ರಿಂಟ್ ಮಾಡದಿದ್ದರೆ ತೊಂದರೆ ಕರೆಂಟಿನದ್ದು. ಕೇಬಲ್ ಬದಲಿಸಿ ನೋಡಿ. ಆಗಲೂ ಆ ಸಾಲು ಸತ್ತಿದ್ದರೆ ಹೆಡ್ ಅಥವಾ ಬೋರ್ಡ್. ಹೊಸ ಹೆಡ್ ಹಾಕಿಸುವ ಮೊದಲು ಬೋರ್ಡ್ ಪರೀಕ್ಷೆ ಮಾಡಿಸಿ. ಸುಟ್ಟ ಬೋರ್ಡ್ ಹೊಸ ಹೆಡ್ ಅನ್ನೂ ತಿನ್ನುತ್ತದೆ.

ಮೆಕ್ಯಾನಿಕ್‌ಗೆ ಫೋನ್ ಮಾಡುವಾಗ ಏನು ಹೇಳಬೇಕು?

‘ಪ್ರಿಂಟ್ ಸರಿ ಬರ್ತಿಲ್ಲ’ ಅಂದರೆ ನಮಗೆ ಏನೂ ತಿಳಿಯುವುದಿಲ್ಲ. ಎರಡು ನಾಝಲ್ ಚೆಕ್‌ನ ಫೋಟೋ ಕಳಿಸಿ, ಒಂದು ಈಗಿನದ್ದು, ಇನ್ನೊಂದು ಅರ್ಧ ಗಂಟೆ ಹಿಂದಿನದ್ದು. ಹಾಳೆಯನ್ನು ನೆಟ್ಟಗೆ ಇಟ್ಟು, ಹಗಲು ಬೆಳಕಿನಲ್ಲಿ ತೆಗೆಯಿರಿ. ಹೆಡ್ ಯಾವುದು, ಇಂಕ್ ಯಾವುದು, ಎಷ್ಟು ಪಾಸ್, ಯಾವ ಮೀಡಿಯಾ ಅಂತ ಒಂದು ಸಾಲು ಬರೆಯಿರಿ. ಕೊನೆಗೆ ಇವತ್ತು ಎಷ್ಟು ಕ್ಲೀನಿಂಗ್ ಕೊಟ್ಟಿರಿ ಅನ್ನುವುದನ್ನು ನಿಜವಾಗಿ ಹೇಳಿ. ಎರಡು ಅಂತ ಹೇಳುತ್ತೀರಿ, ಬಂದು ನೋಡಿದರೆ ವೇಸ್ಟ್ ಬಾಟಲಿ ತುಂಬಿ ಕೆಳಗೆ ಹರಿಯುತ್ತಿರುತ್ತದೆ.